ಕಾರು ಕೊಳ್ಳುವಾಗ ಡಿಸ್ಕೌಂಟ್ ಕೇಳಬೇಡಿ, ಲೆಕ್ಕ ಕೇಳಿ

ನಾನು ಗದಗಿನವನು. 11 ವರ್ಷದಿಂದ ಪುಣೆಯಲ್ಲಿದ್ದೀನಿ. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ. ಕಾರುಗಳ ವಿಷಯದಲ್ಲಿ ನಾನೇನೂ ಪಂಡಿತ ಅಲ್ಲ. ಆದರೆ ಶೋರೂಮಿನಲ್ಲಿ ಎರಡು ಸಲ ಹೊಸ ಕಾರು ಕೊಂಡಿದ್ದೀನಿ, 2019ರಲ್ಲಿ ಒಂದು, 2025ರ ಮಾರ್ಚಿನಲ್ಲಿ ಇನ್ನೊಂದು. ಮೊದಲ ಸಲ ನನಗೆ ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳೂ ಹೇಳಲಿಲ್ಲ. ನಾನೇ ಏನೂ ಕೇಳಲಿಲ್ಲ, ಅಷ್ಟೇ. ಆ ಕೇಳದೇ ಇದ್ದದ್ದಕ್ಕೆ ಎಷ್ಟು ಬೆಲೆ ಕೊಟ್ಟೆ, ಎರಡನೇ ಸಲ ಏನು ಬದಲಾಯಿತು ಅನ್ನೋದನ್ನ ಇವತ್ತು ಹೇಳ್ತೀನಿ.

ಐದು ನಿಮಿಷದಲ್ಲಿ ಸೋತ ಕಥೆ

2019ರ ದಸರಾ. ವಿಜಯದಶಮಿ ಅಕ್ಟೋಬರ್ 8ಕ್ಕೆ ಇತ್ತು. ನಮ್ಮಪ್ಪ ಗದಗದಲ್ಲಿ 35 ವರ್ಷ ಪಾತ್ರೆ ಅಂಗಡಿ ನಡೆಸಿದವರು. ಮಗ ಕಾರು ತಗೋತಾನೆ ಅಂತ ಅಂಗಡಿಯ ಉಳಿತಾಯದಿಂದ 50,000 ರೂಪಾಯಿ ತಂದು ಕೈಯಲ್ಲಿಟ್ಟಿದ್ದರು. ಬೇಡ ಅಂದ್ರೂ ಕೇಳಲಿಲ್ಲ. "ಗಾಡ್ಯಾಗ ನಂದೂ ಒಂದ ಗಾಲಿ ಇರಲಿ" ಅಂದ್ರು.

ಶೋರೂಮಿಗೆ ಹೋಗಿ ಕೂತ ತಕ್ಷಣ ಸೇಲ್ಸ್ ಹುಡುಗ ಕೇಳಿದ ಮೊದಲ ಪ್ರಶ್ನೆ: ಸರ್, ಡೆಲಿವರಿ ಯಾವಾಗ ಬೇಕು? ನಾನು ಖುಷಿಯಲ್ಲಿ ಎಲ್ಲ ಹೇಳಿಬಿಟ್ಟೆ. ದಸರಾಗೆ ಬೇಕೇ ಬೇಕು, ಊರಿಂದ ಅಪ್ಪ ಅಮ್ಮ ಬರ್ತಾ ಇದ್ದಾರೆ, ಇದೇ ಬಣ್ಣ ಬೇಕು, ಹೆಂಡತಿಗೆ ಇದೇ ಇಷ್ಟ. ಅಲ್ಲಿಗೆ ಚೌಕಾಸಿ ಮುಗೀತು. ನಾನು ಎದ್ದು ಹೋಗಲ್ಲ ಅನ್ನೋದು ಅವನಿಗೆ ಗೊತ್ತಾಯ್ತು. ಆಮೇಲೆ ನಾನು "ಏನಾದ್ರೂ ಕಡಿಮೆ ಮಾಡಿ" ಅಂದೆ. ಅವನು ಒಳಗೆ ಮ್ಯಾನೇಜರ್ ಹತ್ತಿರ ಹೋಗಿ ಬಂದ. ಹತ್ತು ಸಾವಿರ ಕಡಿಮೆ ಅಂದ. ನಾನು ಗೆದ್ದೆ ಅಂದುಕೊಂಡು ಕೈ ಕುಲುಕಿದೆ.

ಅಪ್ಪ ಡೆಲಿವರಿ ದಿನ ಸೋಫಾದ ಮೇಲೆ ಕೂತು ಎಲ್ಲ ನೋಡ್ತಾ ಇದ್ದರು. ರಾತ್ರಿ ಊಟ ಆದ ಮೇಲೆ ಕೇಳಿದರು, "ಎಷ್ಟಕ್ಕ ಮುಗಿಸಿದಿ?" ಹೇಳಿದೆ. "ಆ ಚೀಟ್ಯಾಗ ಏನೇನ ಬರದಿದ್ದ?" ಅಂದ್ರು. ನನಗೆ ಹೇಳೋಕೆ ಆಗಲಿಲ್ಲ. ನಾನು ಓದಿರಲೇ ಇಲ್ಲ. ಕೊನೆಯ ಸಾಲಿನ ಒಟ್ಟು ಮೊತ್ತ ಮಾತ್ರ ನೋಡಿದ್ದೆ.

ಎರಡು ತಿಂಗಳ ನಂತರ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾತು ಬಂತು. ಇನ್ನೊಂದು ಟೀಮಿನವನೊಬ್ಬ ಅದೇ ಊರಲ್ಲಿ, ಅದೇ ತಿಂಗಳಲ್ಲಿ, ಅದೇ ಕಾರು, ಅದೇ ವೇರಿಯಂಟ್ ತಗೊಂಡಿದ್ದ. ನನಗಿಂತ 43,000 ಕಡಿಮೆ ಕೊಟ್ಟಿದ್ದ. ಇಬ್ಬರೂ ಬಿಲ್ ಪಕ್ಕ ಪಕ್ಕ ಇಟ್ಟು ನೋಡಿದ್ವಿ. ಕಾರಿನ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ವಿಮೆ, ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರಿ ಕಿಟ್, ಇವುಗಳಲ್ಲೇ ಹಣ ಹೋಗಿತ್ತು. ಅಪ್ಪ ಕೊಟ್ಟ 50,000ದಲ್ಲಿ 43,000 ಅಲ್ಲೇ ಬಿಟ್ಟು ಬಂದಿದ್ದೆ. ಅವರಿಗೆ ಅದನ್ನ ಹೇಳೋ ಧೈರ್ಯ ಆಗಲಿಲ್ಲ.

ಆನ್-ರೋಡ್ ಬೆಲೆ ಅಂದ್ರೆ ಒಂದು ಬೆಲೆ ಅಲ್ಲ

ನಾವು ಐಟಿಯವರು ಒಂದು ತಪ್ಪು ಮಾಡ್ತೀವಿ. ಸಂಬಳದ ಆಫರ್ ಬಂದ್ರೆ ಬೇಸಿಕ್ ಎಷ್ಟು, ವೇರಿಯಬಲ್ ಎಷ್ಟು, ಕೈಗೆ ಬರೋದು ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡ್ತೀವಿ. ಕಾರಿನ ಕೊಟೇಶನ್ ಬಂದ್ರೆ ಮಾತ್ರ ಕೊನೆಯ ಸಾಲು ನೋಡಿ "ಡಿಸ್ಕೌಂಟ್ ಎಷ್ಟು?" ಅಂತೀವಿ. ಆನ್-ರೋಡ್ ಬೆಲೆಯಲ್ಲಿ ಮೂರು ಗುಂಪು ಇವೆ. ಮೂರಕ್ಕೂ ಮಾತಾಡೋ ರೀತಿ ಬೇರೆ.

ಒಂದು, ಎಕ್ಸ್-ಶೋರೂಮ್ ಬೆಲೆ. ಇದನ್ನ ಕಂಪನಿ ನಿಗದಿ ಮಾಡುತ್ತೆ. ಇದರಲ್ಲಿ ಕಂಪನಿಯ ಆ ತಿಂಗಳ ಸ್ಕೀಮು ಮತ್ತು ಡೀಲರನ ಲಾಭದ ಸ್ವಲ್ಪ ಭಾಗ ಇಳಿಯಬಹುದು. ಇಲ್ಲಿ ಚೌಕಾಸಿ ಉಂಟು, ಆದರೆ ಮಿತಿ ಇದೆ.

ಎರಡು, ಸರ್ಕಾರಕ್ಕೆ ಹೋಗೋದು. ರಸ್ತೆ ತೆರಿಗೆ, ನೋಂದಣಿ ಶುಲ್ಕ. ಇಲ್ಲಿ ಚೌಕಾಸಿ ಇಲ್ಲ. ಆದರೆ ಪರಿಶೀಲನೆ ಬೇಕು. ಸರ್ಕಾರಕ್ಕೆ ಎಷ್ಟು ಹೋಗುತ್ತೋ ಅಷ್ಟೇ ನೀವು ಕೊಡಬೇಕು.

ಮೂರು, ಉಳಿದದ್ದೆಲ್ಲ. ವಿಮೆ, ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸೆಸರಿ, ಕೋಟಿಂಗ್, ಹ್ಯಾಂಡ್ಲಿಂಗ್ ಅಥವಾ ಲಾಜಿಸ್ಟಿಕ್ಸ್ ಚಾರ್ಜ್. ಇಲ್ಲಿ ಪ್ರತಿಯೊಂದು ಸಾಲಿಗೂ ನೀವು "ಬೇಡ" ಅನ್ನಬಹುದು, ಅಥವಾ "ಹೊರಗೆ ತಗೋತೀನಿ" ಅನ್ನಬಹುದು.

ಕಾರಿನ ಎಕ್ಸ್-ಶೋರೂಮ್ ಬೆಲೆ 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ ಕೂಡ ಬರುತ್ತೆ. ಅದು ಖರ್ಚು ಅಲ್ಲ. ನಿಮ್ಮ ಪ್ಯಾನ್ ನಂಬರಿಗೆ ಜಮಾ ಆಗುತ್ತೆ, ರಿಟರ್ನ್ ಹಾಕುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಮರೀಬೇಡಿ.

ಎರಡನೇ ಕಾರಿನ ಎರಡು ಚೀಟಿ

ಈಗ 2025ರ ಮಾರ್ಚ್. ಪೆಟ್ರೋಲ್ ಕಾರು, ಎಕ್ಸ್-ಶೋರೂಮ್ 9,80,000. ಅಂಕಿಗಳನ್ನ ಸ್ವಲ್ಪ ದುಂಡು ಮಾಡಿ ಹೇಳ್ತೀನಿ. ಮೊದಲು ಕೊಟ್ಟ ಕೊಟೇಶನ್ ಹೀಗಿತ್ತು:

ಎಕ್ಸ್-ಶೋರೂಮ್ 9,80,000
ಆರ್‌ಟಿಒ 1,19,000
ವಿಮೆ 52,000
ಎಕ್ಸ್‌ಟೆಂಡೆಡ್ ವಾರಂಟಿ 18,500
ಆಕ್ಸೆಸರಿ ಕಿಟ್ 24,000
ಹ್ಯಾಂಡ್ಲಿಂಗ್ 9,500
ಪೇಂಟ್ ಕೋಟಿಂಗ್ 7,500
ಫಾಸ್ಟ್ಯಾಗ್ 500

ಒಟ್ಟು 12,11,000. ಅದರಲ್ಲಿ 20,000 ಡಿಸ್ಕೌಂಟ್, ಅಂದ್ರೆ 11,91,000.

ಈ ಸಲ ನಾನು ಡಿಸ್ಕೌಂಟ್ ಮಾತೇ ಎತ್ತಲಿಲ್ಲ. ಮೇಲಿಂದ ಕೆಳಗೆ ಒಂದೊಂದು ಸಾಲು ಕೇಳ್ತಾ ಹೋದೆ.

ಆರ್‌ಟಿಒ 1,19,000 ಹೇಗೆ ಬಂತು? ಆಗ ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಲ್ಲಿ ಶೇ. 11 ತೆರಿಗೆ. 9,80,000ಕ್ಕೆ 1,07,800. ಅದರ ಮೇಲೆ ನೋಂದಣಿ, ಸಾಲದ ನಮೂದು, ಸ್ಮಾರ್ಟ್ ಕಾರ್ಡ್ ಇತ್ಯಾದಿ ಸಣ್ಣ ಶುಲ್ಕ. ಎಲ್ಲ ಸೇರಿ 1,12,000. ಉಳಿದ 7,000 ಏನು ಅಂತ ಕೇಳಿದೆ. ಏಜೆಂಟ್ ಖರ್ಚು ಅಂದ್ರು. "ಸರ್ಕಾರದ ರಸೀದಿ ಎಷ್ಟಕ್ಕೆ ಬರುತ್ತೋ ಅಷ್ಟೇ ಕೊಡ್ತೀನಿ" ಅಂದೆ. ಒಪ್ಪಿದರು. ಜಗಳ ಆಗಲೇ ಇಲ್ಲ.

ವಿಮೆ. ಇಲ್ಲೇ ಹೆಚ್ಚು ಹಣ ಹೋಗೋದು. ಹೊಸ ಕಾರಿಗೆ 2018ರ ಸೆಪ್ಟೆಂಬರಿನಿಂದ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ದರ ಸರ್ಕಾರವೇ ನಿಗದಿ ಮಾಡಿರೋದು. 1000ದಿಂದ 1500 ಸಿಸಿ ಕಾರಿಗೆ ನಾನು ತಗೊಂಡಾಗ 10,640 ರೂಪಾಯಿ, ಜೊತೆಗೆ ಜಿಎಸ್‌ಟಿ. ಯಾವ ಕಂಪನಿಗೆ ಹೋದರೂ ಅಷ್ಟೇ. ಅಂದ್ರೆ ವ್ಯತ್ಯಾಸ ಪೂರ್ತಿ ಇರೋದು ಓನ್ ಡ್ಯಾಮೇಜ್ ಭಾಗದಲ್ಲಿ ಮತ್ತು ಆಡ್-ಆನ್‌ಗಳಲ್ಲಿ. ಡೀಲರ್ ಹತ್ತಿರವೇ ವಿಮೆ ತಗೋಬೇಕು ಅನ್ನೋ ನಿಯಮ ಇಲ್ಲ. ವಿಮಾ ಕಂಪನಿ ಆರಿಸೋ ಹಕ್ಕು ನಿಮ್ಮದು.

ಹೊರಗಿನ ಕೊಟೇಶನ್ ತರುವಾಗ ಒಂದು ಎಚ್ಚರಿಕೆ. ಐಡಿವಿ ಒಂದೇ ಇರಬೇಕು, ಆಡ್-ಆನ್ ಒಂದೇ ಇರಬೇಕು. ಐಡಿವಿ ಇಳಿಸಿದರೆ ಪ್ರೀಮಿಯಂ ಕಡಿಮೆ ಕಾಣುತ್ತೆ, ಆದರೆ ಕಾರು ಕಳುವಾದರೆ ಬರೋ ಹಣವೂ ಕಡಿಮೆ. ಝೀರೋ ಡೆಪ್ ಇಲ್ಲದ್ದನ್ನ ಝೀರೋ ಡೆಪ್ ಇರೋದರ ಜೊತೆ ಹೋಲಿಸಿ ಗೆದ್ದೆ ಅನ್ಕೋಬೇಡಿ. ಇನ್ನೊಂದು, ಹಳೇ ಕಾರಿನ ನೋ ಕ್ಲೇಮ್ ಬೋನಸ್ ಮಾಲೀಕನದು, ಕಾರಿನದಲ್ಲ. ನಾನು ಹಳೇ ಕಾರು ಮಾರಿದ್ದೆ, 5 ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲ. ಓನ್ ಡ್ಯಾಮೇಜ್ ಭಾಗದಲ್ಲಿ ಶೇ. 50 ರಿಯಾಯಿತಿ ನನಗೆ ಸಲ್ಲಬೇಕಿತ್ತು. ಮೊದಲ ಕೊಟೇಶನ್‌ನಲ್ಲಿ ಅದು ಇರಲೇ ಇಲ್ಲ. ಕೇಳದಿದ್ದರೆ ಬರ್ತಿರಲೂ ಇಲ್ಲ. ಹಳೇ ವಿಮಾ ಕಂಪನಿಯಿಂದ ಸರ್ಟಿಫಿಕೇಟ್ ತಂದೆ, ಹೊರಗಿನ ಕೊಟೇಶನ್ ತೋರಿಸಿದೆ. ಡೀಲರೇ 38,000ಕ್ಕೆ ಇಳಿದ. ಅವನ ಹತ್ತಿರವೇ ತಗೊಂಡೆ, ಯಾಕಂದ್ರೆ ನಾಳೆ ಅಪಘಾತ ಆದರೆ ಅದೇ ವರ್ಕ್‌ಶಾಪಿಗೆ ಹೋಗಬೇಕು.

ಆಕ್ಸೆಸರಿ ಕಿಟ್ 24,000. ಒಳಗೆ ಏನಿದೆ ಅಂತ ಪಟ್ಟಿ ಕೇಳಿದೆ. ನನಗೆ ಬೇಕಿದ್ದದ್ದು ಮ್ಯಾಟ್ ಮತ್ತು ಮಡ್ ಫ್ಲಾಪ್. 4,000ಕ್ಕೆ ಮುಗೀತು. ಕೋಟಿಂಗ್ ಬೇಡ ಅಂದೆ. ಹ್ಯಾಂಡ್ಲಿಂಗ್ ಯಾವುದಕ್ಕೆ ಅಂತ ಕೇಳಿದೆ. ಗೋದಾಮಿನಿಂದ ಶೋರೂಮಿಗೆ ತರೋದಕ್ಕೆ ಅಂದ್ರು. "ಶೋರೂಮಿಗೆ ತರೋದು ನಿಮ್ಮ ಕೆಲಸ ಅಲ್ವಾ?" ಅಂತ ನಗುತ್ತಲೇ ಕೇಳಿದೆ. ಅದೂ ಹೋಯ್ತು. ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ ಪೂರ್ತಿ ಇಟ್ಟುಕೊಂಡೆ, ನನಗೆ ಬೇಕಿತ್ತು.

ಕೊನೆಗೆ ಕಾರಿನ ಮೇಲೆ ಡಿಸ್ಕೌಂಟ್ 25,000 ಆಯ್ತು, ಜೊತೆಗೆ ನಮ್ಮ ಕಂಪನಿ ಐಡಿ ತೋರಿಸಿದ್ದಕ್ಕೆ 5,000 ಕಾರ್ಪೊರೇಟ್ ರಿಯಾಯಿತಿ. ಅಂತಿಮ ಮೊತ್ತ 11,23,000.

ಮೊದಲ ಕೊಟೇಶನ್‌ಗೂ ಇದಕ್ಕೂ 68,000 ವ್ಯತ್ಯಾಸ. ಅದರಲ್ಲಿ ಡಿಸ್ಕೌಂಟಿನಿಂದ ಬಂದಿದ್ದು ಬರೀ 10,000. ಉಳಿದ 58,000 ಬಂದಿದ್ದು "ಇದು ಏನು?" ಅಂತ ಕೇಳಿದ್ದರಿಂದ. ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ.

ನನ್ನ ಅಂಕಿಗಳನ್ನ ಹಾಗೇ ಹಿಡಿದು ಶೋರೂಮಿಗೆ ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಕಾರುಗಳ ಜಿಎಸ್‌ಟಿ ಬದಲಾಗಿದೆ, ಸಣ್ಣ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40, ಎಲೆಕ್ಟ್ರಿಕ್‌ಗೆ ಮೊದಲಿನಂತೆ ಶೇ. 5. ಹಾಗಾಗಿ ಹಳೇ ಬೆಲೆಪಟ್ಟಿ ಉಪಯೋಗಕ್ಕೆ ಬರಲ್ಲ. ಸಾಲುಗಳು ಮಾತ್ರ ಅವೇ.

ನಮ್ಮ ಹಿಂದಿ, ನಮ್ಮ ಸಂಕೋಚ

ಇದನ್ನ ಹೊರನಾಡಿನಲ್ಲಿರೋ ನಾವು ಒಪ್ಪಿಕೊಳ್ಳಬೇಕು. ಚೌಕಾಸಿ ಅನ್ನೋದು ಮಾತೃಭಾಷೆಯಲ್ಲಿ ಮಾಡೋ ಕೆಲಸ. ಗದಗದ ಸಂತೆಯಲ್ಲಿ ನಾನು ಎರಡು ರೂಪಾಯಿಗೂ ಮಾತಾಡ್ತೀನಿ. ಪುಣೆಯ ಏಸಿ ಶೋರೂಮಿನಲ್ಲಿ, ನನ್ನ ಹಿಂದಿಯಲ್ಲಿ, ಅರ್ಧಂಬರ್ಧ ಮರಾಠಿಯಲ್ಲಿ ಬಾಯಿ ಕಟ್ಟುತ್ತೆ. ಎದುರಿನವನು ಪಟಪಟ ಮಾತಾಡ್ತಾನೆ, ನಾವು ತಲೆ ಆಡಿಸ್ತೀವಿ. ಕಾಫಿ ಬೇರೆ ಕೊಟ್ಟಿರ್ತಾನೆ, ದಾಕ್ಷಿಣ್ಯ.

ನಾನು ಕಂಡುಕೊಂಡ ಉಪಾಯ, ಮಾತು ಬಿಟ್ಟು ಬರಹಕ್ಕೆ ಬನ್ನಿ. ಕಾರು ನೋಡಿ, ಓಡಿಸಿ, ವೇರಿಯಂಟ್ ತೀರ್ಮಾನ ಮಾಡಿ ಮನೆಗೆ ಬನ್ನಿ. ಆಮೇಲೆ ಮೂರು ಡೀಲರಿಗೆ ಒಂದೇ ಸಂದೇಶ ಕಳಿಸಿ. ಯಾವ ಕಾರು, ಯಾವ ವೇರಿಯಂಟ್, ಯಾವ ಬಣ್ಣ, ತಯಾರಾದ ತಿಂಗಳು ಯಾವುದು, ಪ್ರತಿ ಸಾಲಿನ ಬೆಲೆ ಎಷ್ಟು, ಕಡ್ಡಾಯ ಅಲ್ಲದ್ದು ಯಾವುದು. ಅಷ್ಟೇ ಸಾಕು. ಬರಹದಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ, ದಿನಾ ಕ್ಲೈಂಟಿಗೆ ಮೇಲ್ ಬರೆಯೋ ಜನ. ಉತ್ತರ ಬರಹದಲ್ಲಿ ಬಂದರೆ ಆಮೇಲೆ "ನಾನು ಹಾಗೆ ಹೇಳಿಲ್ಲ" ಅನ್ನೋ ಮಾತೂ ಇರಲ್ಲ. ಮೂವರಲ್ಲಿ ಒಬ್ಬರು ಉತ್ತರವೇ ಕೊಡಲಿಲ್ಲ. ಒಬ್ಬರು ಶೋರೂಮಿಗೆ ಬನ್ನಿ ಅಂತಷ್ಟೇ ಅಂದ್ರು. ಪೂರ್ತಿ ಬಿಡಿಸಿ ಬರೆದವರ ಹತ್ತಿರವೇ ನಾನು ಕಾರು ಕೊಂಡೆ.

ಇನ್ನು ದಿನಾಂಕ. ಯುಗಾದಿ, ದಸರಾ, ಧನತ್ರಯೋದಶಿ, ಯಾವುದೇ ಇರಲಿ, ಮುಹೂರ್ತ ಮನೆಯಲ್ಲಿ ಇರಲಿ. ಕೇಳಿದರೆ "ಕಾರು, ಬೆಲೆ ಎರಡೂ ಸರಿಯಾದಾಗ" ಅನ್ನಿ. ಹಬ್ಬಕ್ಕೆ ಬೇಕೇ ಬೇಕಾದರೆ ಆರು ವಾರ ಮೊದಲೇ ಶುರು ಮಾಡಿ. ತಿಂಗಳ ಕೊನೆ, ಮಾರ್ಚ್ ಕೊನೆಯಲ್ಲಿ ಅವರಿಗೂ ಟಾರ್ಗೆಟ್ ಇರುತ್ತೆ, ಅದು ನಿಮಗೆ ಅನುಕೂಲ. ಡಿಸೆಂಬರಿನಲ್ಲಿ ರಿಯಾಯಿತಿ ಹೆಚ್ಚು ಕಂಡರೂ ಜನವರಿಗೆ ಕಾರು ಕಾಗದದ ಮೇಲೆ ಒಂದು ವರ್ಷ ಹಳೇದು. ಮಾರುವಾಗ ಅದು ಲೆಕ್ಕಕ್ಕೆ ಬರುತ್ತೆ.

ಸಾಲದ ಮಾತು

ಶೋರೂಮಿನಲ್ಲಿ ಯಾರಾದರೂ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಅಂತ ಕೇಳಿದರೆ ಉತ್ತರ ಕೊಡಬೇಡಿ. ಇಎಂಐ ಹೇಳಿದರೆ ಅವಧಿ ಎಳೆದು ಆ ಇಎಂಐಗೆ ಹೊಂದಿಸಿಬಿಡ್ತಾರೆ. ಮೊದಲು ಕಾರಿನ ಬೆಲೆ, ಆಮೇಲೆ ಸಾಲ. ಎರಡೂ ಬೇರೆ ಮಾತು.

"ಫ್ಲಾಟ್ ಶೇ. 6" ಅನ್ನೋದಕ್ಕೆ ಬೀಳಬೇಡಿ. 5 ಲಕ್ಷ, 5 ವರ್ಷ, ಫ್ಲಾಟ್ ಶೇ. 6 ಅಂದ್ರೆ ಬಡ್ಡಿ 1,50,000, ಇಎಂಐ 10,833. ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಇದ್ದರೂ ಬಡ್ಡಿ ಮಾತ್ರ ಪೂರ್ತಿ 5 ಲಕ್ಷದ ಮೇಲೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 11ರ ಹತ್ತಿರ. ನಿಮ್ಮ ಸಂಬಳದ ಖಾತೆ ಇರೋ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಂಡು ಹೋಗಿ. ಪ್ರೊಸೆಸಿಂಗ್ ಫೀ, ಮುಂಚೆ ತೀರಿಸಿದರೆ ದಂಡ ಎಷ್ಟು, ಇವೂ ಸೇರಿಸಿ ಹೋಲಿಸಿ.

ನಾಳೆ ಬೆಂಗಳೂರಿಗೆ ಹೋದರೆ?

ಇದು ನಮ್ಮವರ ಖಾಸಾ ಪ್ರಶ್ನೆ. ಬೇರೆ ರಾಜ್ಯದ ಕಾರನ್ನ ಒಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು, ಅಲ್ಲಿನ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಶೇ. 14, 10ರಿಂದ 20 ಲಕ್ಷದ್ದಕ್ಕೆ ಶೇ. 17, ಮೇಲೆ ಸೆಸ್. ಇಲ್ಲಿ ಕಟ್ಟಿದ್ದನ್ನ ವಾಪಸ್ ಪಡೆಯೋಕೆ ಅರ್ಜಿ ಹಾಕಿ ಓಡಾಡಬೇಕು.

ಅದಕ್ಕೇ 2021ರಲ್ಲಿ ಬಿಎಚ್ ಸರಣಿ ಬಂತು. ಸರ್ಕಾರಿ ನೌಕರರ ಜೊತೆಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರೋ ಖಾಸಗಿ ಕಂಪನಿಯ ನೌಕರರಿಗೂ ಸಿಗುತ್ತೆ. ಎಚ್‌ಆರ್ ಕಡೆಯಿಂದ ಫಾರ್ಮ್ 60 ಬೇಕು. 15 ವರ್ಷದ ತೆರಿಗೆ ಒಟ್ಟಿಗೆ ಕಟ್ಟೋ ಬದಲು ಎರಡೆರಡು ವರ್ಷಕ್ಕೆ ಕಟ್ಟೋದು. ರಾಜ್ಯ ಬದಲಾದರೂ ನಂಬರ್ ಅದೇ. ಎರಡು ಮೂರು ವರ್ಷದಲ್ಲಿ ಊರು ಬದಲಿಸೋ ಅಂದಾಜು ಇದ್ದರೆ ಬುಕ್ ಮಾಡೋ ಮೊದಲೇ ಡೀಲರ್ ಹತ್ತಿರ ಇದನ್ನ ಹೇಳಿ, ಆಮೇಲೆ ಹೇಳಿದರೆ ಆಗಲ್ಲ ಅಂತಾರೆ. ನಾನು ಪುಣೆಯಲ್ಲೇ ಉಳಿಯೋನು, ಹಾಗಾಗಿ ಎಂಎಚ್ 14 ನಂಬರೇ ತಗೊಂಡೆ.

ಕೊನೆಯ ಕಂತು ಕೊಡೋ ಮೊದಲು

ಬುಕಿಂಗ್ ಹಣ ವಾಪಸ್ ಬರುತ್ತಾ, ಎಷ್ಟು ಕಡಿತ ಅನ್ನೋದನ್ನ ರಸೀದಿಯಲ್ಲಿ ಬರೆಸಿ. ನೋಂದಣಿ ಆಗೋ ಮೊದಲೇ ಹೋಗಿ ಕಾರು ನೋಡಿ, ನೋಂದಣಿ ಆದ ಮೇಲೆ ಅದು ನಿಮ್ಮದೇ. ಹಗಲು ಬೆಳಕಲ್ಲಿ ಬಣ್ಣ ನೋಡಿ. ಚಾಸಿಸ್ ನಂಬರ್ ಬಿಲ್‌ಗೆ ಹೊಂದುತ್ತಾ ನೋಡಿ. ತಯಾರಾದ ತಿಂಗಳು, ವರ್ಷ ಫಾರ್ಮ್ 21ರಲ್ಲಿ ಇರುತ್ತೆ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ನಂತರದ ಎರಡು ವರ್ಷ. ನನಗೆ ಮೊದಲು ತೋರಿಸಿದ ಕಾರು ಹಿಂದಿನ ನವೆಂಬರಿನದಾಗಿತ್ತು. ಬೇಡ ಅಂದೆ. ಎಂಟು ದಿನ ಕಾದೆ, ಫೆಬ್ರವರಿಯದು ಬಂತು.

ಎಂಟು ದಿನ ಕಾಯೋಕೆ ಆಗಿದ್ದು ಯಾಕಂದ್ರೆ ಈ ಸಲ ಯಾರಿಗೂ ದಿನಾಂಕ ಹೇಳಿರಲಿಲ್ಲ.

ಅಪ್ಪನಿಗೆ ಹೇಳಿದ್ದು

ಕಾರು ಬಂದ ದಿನ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಈಗ ಮೊಣಕಾಲು ನೋವು, ಅಂಗಡಿ ಮುಚ್ಚಿದ್ದಾರೆ, ಪುಣೆಗೆ ಬರೋದು ಕಷ್ಟ. ಎರಡೂ ಚೀಟಿ ಓದಿ ಹೇಳಿದೆ, ಸಾಲು ಸಾಲು. ಆಮೇಲೆ ಧೈರ್ಯ ಮಾಡಿ 2019ರ 43,000ದ ವಿಷಯಾನೂ ಹೇಳಿದೆ. ಐದೂವರೆ ವರ್ಷ ಹೇಳಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗ ಅವತ್ತ ಗೊತ್ತಾಗಿತ್ತು" ಅಂದ್ರು. "ನಮ್ಮ ಅಂಗಡ್ಯಾಗ ಗಿರಾಕಿ ಕೇಳಿದ್ರ ನನಗೇನ ಸಿಟ್ಟ ಬರ್ತಿರಲಿಲ್ಲ. ಕೇಳದ ಕೊಟ್ಟ ಹೋಗಿ, ಆಮ್ಯಾಲೆ ಊರೆಲ್ಲಾ ಬೈಕೊಂತ ಅಡ್ಡಾಡ್ತಿದ್ರಲ್ಲ, ಅದಕ್ಕ ಬ್ಯಾಸರ ಆಗ್ತಿತ್ತು." ಆಮೇಲೆ ಅವರು ಕೇಳಿದ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ: "ಆ ಹುಡುಗಗೂ ಏನರ ಉಳೀತೋ ಇಲ್ಲೋ?"

ಉಳೀತು ಅಂದೆ. ವಿಮೆ, ವಾರಂಟಿ ಎರಡೂ ಅವರ ಹತ್ತಿರವೇ ತಗೊಂಡಿದ್ದೀನಿ, ಆ ಹುಡುಗನ ಟಾರ್ಗೆಟ್‌ಗೆ ಒಂದು ಕಾರು ಸೇರಿತು, ನನ್ನ ಇಬ್ಬರು ಸ್ನೇಹಿತರನ್ನೂ ಅವನ ಹತ್ತಿರವೇ ಕಳಿಸಿದ್ದೀನಿ. "ಹಂಗಾದ್ರ ವ್ಯಾಪಾರ ಸರಿ ಆತು" ಅಂದ್ರು ಅಪ್ಪ.

ನೀವೂ ಕೊಟೇಶನ್ ಕೈಗೆ ಬಂದಾಗ ಕೊನೆಯ ಸಾಲಿಗೆ ಹೋಗಬೇಡಿ. ಮೊದಲ ಸಾಲಿಂದ ಓದಿ, ಪ್ರತಿಯೊಂದಕ್ಕೂ "ಇದು ಏನು?" ಅಂತ ಕೇಳಿ.